ಮೊದಲೂ ನೀವೇ, ಕೊನೆಗೂ ನೀವೇ: ಓದಿನಲ್ಲಿ ಎಐ ಬಳಸುವ ಬಗೆ

ಟರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ 2023ರಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳೊಂದಿಗೆ ಒಂದು ಪ್ರಯೋಗ ನಡೆಯಿತು. ನಡೆಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಂಸ ಬಸ್ತಾನಿ ಮತ್ತು ಸಂಗಡಿಗರು. ಗಣಿತದ ಅಭ್ಯಾಸಕ್ಕೆ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಪುಸ್ತಕ ಮತ್ತು ನೋಟ್ಸ್ ಮಾತ್ರ. ಎರಡನೆಯದಕ್ಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ, ಚಾಟ್‌ಜಿಪಿಟಿಯಂಥ ಎಐ. ಮೂರನೆಯದಕ್ಕೂ ಅದೇ ಎಐ, ಆದರೆ ‘ಉತ್ತರ ಹೇಳಬೇಡ, ಸುಳಿವು ಮಾತ್ರ ಕೊಡು’ ಎಂದು ಮೊದಲೇ ಕಟ್ಟುಮಾಡಿ, ಶಿಕ್ಷಕರು ಬರೆದ ಸುಳಿವುಗಳನ್ನೂ ಅದರೊಳಗೆ ಸೇರಿಸಿ ಕೊಟ್ಟರು.

ಅಭ್ಯಾಸದ ಲೆಕ್ಕಗಳಲ್ಲಿ ಮೊದಲ ಗುಂಪಿಗಿಂತ ಎರಡನೆಯದು ಶೇ 48ರಷ್ಟು, ಮೂರನೆಯದು ಶೇ 127ರಷ್ಟು ಮುಂದಿದ್ದವು. ಆಮೇಲೆ ಎಐ ತೆಗೆದುಬಿಟ್ಟು ಎಲ್ಲರಿಗೂ ಪರೀಕ್ಷೆ ಕೊಟ್ಟರು. ಎಐಯನ್ನು ಕಣ್ಣಲ್ಲೂ ಕಾಣದ ಮೊದಲ ಗುಂಪಿಗಿಂತ ಎರಡನೇ ಗುಂಪು ಶೇ 17ರಷ್ಟು ಹಿಂದೆ ಬಿತ್ತು. ಮೂರನೇ ಗುಂಪು ಮೊದಲನೆಯದಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಂತಿತು. ಇನ್ನೂ ಗಮನಿಸಬೇಕಾದದ್ದು, ಹಿಂದೆ ಬಿದ್ದ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆಂಬ ಅರಿವೇ ಇರಲಿಲ್ಲ.

ಯಂತ್ರ ಒಂದೇ, ಲೆಕ್ಕಗಳೂ ಅವೇ. ಬದಲಾದದ್ದು ಬಳಸಿದ ಬಗೆ. ಶಾಲೆಯಲ್ಲಿ ಎಐ ಇರಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನಾವು ಬಹಳ ಹೊತ್ತು ಕಳೆದಿದ್ದೇವೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು, 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ಅದನ್ನು ನಿಷೇಧಿಸಿದವು, ಮೇ ತಿಂಗಳಲ್ಲಿ ನಿಷೇಧ ಹಿಂತೆಗೆದುಕೊಂಡವು. ಇಂದು ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದರೆ ಅದರೊಳಗೆ ಎಐ ಇದ್ದೇ ಇರುತ್ತದೆ. ಹಾಗಾಗಿ ಉಪಯೋಗಕ್ಕೆ ಬರುವ ಪ್ರಶ್ನೆ ಒಂದೇ: ಕೆಲಸದ ಯಾವ ಭಾಗವನ್ನು ಅದಕ್ಕೆ ಬಿಡಬಹುದು, ಯಾವುದನ್ನು ಬಿಡಕೂಡದು?

ಈ ಲೇಖನ ಹೇಳುವ ಸೂತ್ರ ಚಿಕ್ಕದು. ಮೊದಲ ಪ್ರಯತ್ನ ನಿಮ್ಮದು, ಕೊನೆಯ ಮಾತೂ ನಿಮ್ಮದು; ನಡುವೆ ಬೇಕಾದರೆ ಯಂತ್ರ. ವಿದ್ಯಾರ್ಥಿಗೂ, ಶಿಕ್ಷಕರಿಗೂ, ಪೋಷಕರಿಗೂ ಇದು ಹೇಗೆ ಅನ್ವಯಿಸುತ್ತದೆಂದು ನೋಡೋಣ.

ಯಂತ್ರ ತಪ್ಪುವುದೇಕೆ?

ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್, ಮೆಟಾ ಎಐ ಎಲ್ಲವೂ ಭಾರೀ ಪ್ರಮಾಣದ ಬರಹವನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಊಹಿಸಲು ಕಲಿತವು. ಉತ್ತರ ಗೊತ್ತಿರಲಿ, ಇಲ್ಲದಿರಲಿ, ವಾಕ್ಯ ಮಾತ್ರ ಅಚ್ಚುಕಟ್ಟಾಗಿಯೇ ಬರುತ್ತದೆ. ಗೊತ್ತಿಲ್ಲದಾಗ ಮನುಷ್ಯ ತಡವರಿಸುತ್ತಾನೆ, ಇದಕ್ಕೆ ತಡವರಿಕೆಯೇ ಇಲ್ಲ. ಇಲ್ಲದ ಪುಸ್ತಕ, ಇಲ್ಲದ ಇಸವಿ, ಯಾರೂ ಆಡದ ಮಾತು ಎಲ್ಲವನ್ನೂ ಅದೇ ಧೈರ್ಯದಿಂದ ಹೇಳಬಲ್ಲದು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ 5,000 ಡಾಲರ್ ದಂಡ ಹಾಕಿತು. ಅವರು ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನಿಜವೆಂದು ನಂಬಿ ನ್ಯಾಯಾಲಯಕ್ಕೆ ಸಲ್ಲಿಸಿದ್ದರು. ಓದಿ ಪಳಗಿದ ವಕೀಲರೇ ಹೀಗೆ ಮೋಸಹೋದರೆ ಒಂಬತ್ತನೇ ತರಗತಿಯ ಹುಡುಗಿ ನಂಬುವುದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಅಪಾಯ ಇನ್ನೊಂದು ತೂಕ ಹೆಚ್ಚು. ಈ ಯಂತ್ರಗಳು ಓದಿಕೊಂಡದ್ದರಲ್ಲಿ ಇಂಗ್ಲಿಷಿನದೇ ಸಿಂಹಪಾಲು, ಅಂತರ್ಜಾಲದಲ್ಲಿ ಕನ್ನಡ ಬರಹ ಅದರ ಮುಂದೆ ತೀರಾ ಕಡಿಮೆ. ನ್ಯೂಟನ್ನನ ನಿಯಮ ಕೇಳಿದರೆ ಬಹುಪಾಲು ಸರಿಯಾಗಿಯೇ ಹೇಳುವ ಯಂತ್ರ, ವಚನವೊಂದನ್ನು ಕೇಳಿದರೆ ಎಡವುತ್ತದೆ.

ವಿದ್ಯಾರ್ಥಿಗಳಿಗೆ: ಉತ್ತರ ಕೇಳಬೇಡಿ, ಪ್ರಶ್ನೆ ಕೇಳಿಸಿಕೊಳ್ಳಿ

ಕಲಿಕೆಯಲ್ಲಿ ಎರಡು ಬಗೆಯ ಶ್ರಮ ಇರುತ್ತದೆ. ಲೆಕ್ಕ ಎಲ್ಲಿಂದ ಶುರುಮಾಡಬೇಕೆಂದು ತಿಣುಕುವುದು, ಓದಿದ್ದನ್ನು ನೆನಪಿಗೆ ತಂದುಕೊಳ್ಳುವುದು, ಪ್ರಬಂಧದ ಮೊದಲ ವಾಕ್ಯಕ್ಕೆ ತಡಕಾಡುವುದು ಒಂದು ಬಗೆ. ಕಲಿಕೆ ನಡೆಯುವುದೇ ಇಲ್ಲಿ. ವಿವರಣೆ ಅರ್ಥವಾಗದ ಭಾಷೆಯಲ್ಲಿರುವುದು, ಕೇಳಲು ಯಾರೂ ಇಲ್ಲದಿರುವುದು, ಅಭ್ಯಾಸಕ್ಕೆ ಲೆಕ್ಕಗಳು ಸಾಲದಿರುವುದು ಇನ್ನೊಂದು ಬಗೆ. ಇವು ಬರಿಯ ಅಡ್ಡಿಗಳು. ಎರಡನೆಯದಕ್ಕೆ ಎಐ ಬಳಸಿ. ಮೊದಲನೆಯದನ್ನು ಅದಕ್ಕೆ ಒಪ್ಪಿಸಬೇಡಿ.

*ಗಣಿತದಲ್ಲಿ.* ಒಂದು ಸಮಾಂತರ ಶ್ರೇಢಿಯ 3ನೇ ಪದ 12, 10ನೇ ಪದ 40. ಮೊದಲ ಪದ ಮತ್ತು ಸಾಮಾನ್ಯ ವ್ಯತ್ಯಾಸ ಕಂಡುಹಿಡಿಯಿರಿ ಎಂಬ ಲೆಕ್ಕ ಇದೆಯೆನ್ನಿ. ಮೊಬೈಲ್‌ನಲ್ಲಿ ಫೋಟೊ ಹೊಡೆದು ಕಳಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ, ಕಲಿಕೆ ಬರುವುದಿಲ್ಲ. ಬದಲಿಗೆ ಕೊಟ್ಟಿರುವುದೇನು, ಕೇಳಿರುವುದೇನು ಎಂದು ಹಾಳೆಯ ಮೇಲೆ ಬರೆಯಿರಿ. ಹತ್ತು ನಿಮಿಷ ಒದ್ದಾಡಿ. ಸಿಕ್ಕಿಕೊಂಡರೆ ಹೀಗೆ ಕೇಳಿ:

“ನಾನು ಹತ್ತನೇ ತರಗತಿ ವಿದ್ಯಾರ್ಥಿ. ಈ ಲೆಕ್ಕದಲ್ಲಿ ಇಲ್ಲಿಯವರೆಗೆ ಮಾಡಿದ್ದು ಇದು. ಉತ್ತರ ಹೇಳಬೇಡ. ಎಲ್ಲಿ ತಪ್ಪಿದ್ದೇನೆ ಎಂಬುದಕ್ಕೆ ಒಂದೇ ಒಂದು ಸುಳಿವು ಕೊಡು, ನಾನು ಮುಂದಿನ ಹೆಜ್ಜೆ ಬರೆಯುವವರೆಗೆ ಕಾಯು.”

ಏಳು ಹೆಜ್ಜೆಗಳಲ್ಲಿ 28 ಹೆಚ್ಚಾಗಿದೆ, ಹಾಗಾದರೆ ಒಂದು ಹೆಜ್ಜೆಗೆ ಎಷ್ಟು ಎಂಬ ಸುಳಿವು ಸಿಕ್ಕರೆ ಸಾಕು. ಸಾಮಾನ್ಯ ವ್ಯತ್ಯಾಸ 4, ಮೊದಲ ಪದವೂ 4 ಎಂದು ನೀವೇ ತಲುಪುತ್ತೀರಿ. ಕೊನೆಗೆ ತಾಳೆ ನೋಡುವುದೂ ನಿಮ್ಮ ಕೆಲಸವೇ: ನಾಲ್ಕರಿಂದ ಶುರುಮಾಡಿ ನಾಲ್ಕು ನಾಲ್ಕು ಕೂಡಿಸುತ್ತ ಹೋದರೆ 3ನೇ ಪದ 12, 10ನೇ ಪದ 40 ಬರುತ್ತದೆಯೇ? ಟರ್ಕಿಯ ಪ್ರಯೋಗದಲ್ಲಿ ಎಐ ಕೊಟ್ಟ ಉತ್ತರಗಳಲ್ಲಿ ಸರಿಯಿದ್ದವು ಅರ್ಧದಷ್ಟು ಮಾತ್ರ. ಈಚಿನ ಎಐಗಳು ಲೆಕ್ಕದಲ್ಲಿ ಸುಧಾರಿಸಿವೆ, ಹಾಗೆಂದು ತಾಳೆ ನೋಡುವ ಅಭ್ಯಾಸ ಬಿಡುವಂತಿಲ್ಲ.

2025ರ ಜುಲೈನಲ್ಲಿ ಚಾಟ್‌ಜಿಪಿಟಿಗೆ ‘ಸ್ಟಡಿ ಮೋಡ್’, ಆಗಸ್ಟ್‌ನಲ್ಲಿ ಜೆಮಿನಿಗೆ ‘ಗೈಡೆಡ್ ಲರ್ನಿಂಗ್’ ಸೇರಿದವು. ನೇರ ಉತ್ತರದ ಬದಲು ಹೆಜ್ಜೆಹೆಜ್ಜೆಯಾಗಿ ಕೇಳುತ್ತ ಕರೆದೊಯ್ಯುವುದು ಇವುಗಳ ಉದ್ದೇಶ. ಓದಿಗೆ ಕೂರುವಾಗ ಇವನ್ನು ಆನ್ ಮಾಡಿಕೊಳ್ಳಿ. ಆದರೆ ಆಫ್ ಮಾಡುವ ಗುಂಡಿಯೂ ನಿಮ್ಮ ಬೆರಳಿನ ಹತ್ತಿರವೇ ಇರುತ್ತದೆ, ಎಚ್ಚರ.

*ಪುನರಾವರ್ತನೆಗೆ.* ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಕಲಿಕೆಯ ಬಗ್ಗೆ ಬಹಳ ಉಪಯುಕ್ತ ಸಂಗತಿಯೊಂದನ್ನು ತೋರಿಸಿತು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಹೆಚ್ಚು ನೆನಪಿಟ್ಟಿದ್ದರು. ಒಂದು ವಾರದ ನಂತರ ನೋಡಿದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರೇ ಮುಂದಿದ್ದರು. ಇದಕ್ಕೆ ಎಐ ಒಳ್ಳೆಯ ಜೊತೆಗಾರ. ಪಾಠ ಓದಿ ಮುಗಿಸಿದ ಮೇಲೆ ಹೇಳಿ: “ಈ ಪಾಠದ ಮೇಲೆ ಹತ್ತು ಪ್ರಶ್ನೆ ಕೇಳು. ಒಂದೊಂದಾಗಿ ಕೇಳು. ನಾನು ಉತ್ತರಿಸಿದ ಮೇಲಷ್ಟೇ ಸರಿತಪ್ಪು ಹೇಳು. ತಪ್ಪಿದ್ದನ್ನು ಕೊನೆಗೆ ಮತ್ತೊಮ್ಮೆ ಕೇಳು.” ಪಾಠದ ಪುಟಗಳನ್ನೇ ಅದಕ್ಕೆ ಕೊಟ್ಟು, ‘ಇದರಲ್ಲಿರುವುದನ್ನಷ್ಟೇ ಕೇಳು’ ಎಂದರೆ ಪಠ್ಯಕ್ಕೆ ಹೊರಗಿನ ಗೊಂದಲ ಕಡಿಮೆ.

*ಮಾಧ್ಯಮ ಬದಲಾದಾಗ.* ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ವಿಜ್ಞಾನಕ್ಕೆ ಸೇರಿದವರ ಪಾಡು ಗೊತ್ತಿರುವುದೇ. ವಿಷಯ ಗೊತ್ತಿದ್ದರೂ ಇಂಗ್ಲಿಷಿನ ಪಾಠದ ಮುಂದೆ ಮಂಕಾಗುತ್ತಾರೆ. ಸಂವೇಗ ಗೊತ್ತು, ಮೊಮೆಂಟಮ್ ಗೊತ್ತಿಲ್ಲ. ಉತ್ಕರ್ಷಣ ಗೊತ್ತು, ಆಕ್ಸಿಡೇಶನ್ ಗೊತ್ತಿಲ್ಲ. ಇಲ್ಲಿ ಎಐ ನಿಜಕ್ಕೂ ಕೈಹಿಡಿಯಬಲ್ಲದು. ಆದರೆ ಇಡೀ ಪಾಠವನ್ನು ಕನ್ನಡಕ್ಕೆ ತಿರುಗಿಸಿಕೊಂಡು ಓದಿದರೆ ಪರೀಕ್ಷೆಯ ದಿನ ಮತ್ತೆ ಅದೇ ಗೋಡೆ. “ಈ ಪ್ಯಾರಾವನ್ನು ಆಡುಗನ್ನಡದಲ್ಲಿ ವಿವರಿಸು, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ಪಕ್ಕದಲ್ಲಿ ಕನ್ನಡ ಪದ ಕೊಡು. ಕೊನೆಗೆ ಮೂರು ಸರಳ ಇಂಗ್ಲಿಷ್ ಪ್ರಶ್ನೆ ಕೇಳು, ನಾನು ಇಂಗ್ಲಿಷಿನಲ್ಲೇ ಉತ್ತರಿಸುತ್ತೇನೆ” ಎಂದು ಕೇಳಿ. ಪದಗಳ ಜೋಡಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡಿ. ಕನ್ನಡ ಪದ ಪಠ್ಯಪುಸ್ತಕದಲ್ಲಿದ್ದದ್ದೇ ಹೌದೋ ಅಲ್ಲವೋ ನೋಡಿಕೊಳ್ಳಿ; ಎಐ ಕೆಲವೊಮ್ಮೆ ಯಾವ ಪುಸ್ತಕದಲ್ಲೂ ಇಲ್ಲದ ಪದ ಹುಟ್ಟಿಸುತ್ತದೆ.

*ಬರವಣಿಗೆಯಲ್ಲಿ.* ಪ್ರಬಂಧ ಬರೆಸಿಕೊಳ್ಳಬೇಡಿ, ಬರೆದ ಪ್ರಬಂಧವನ್ನು ಓದಿಸಿ. “ನನ್ನ ವಾಕ್ಯಗಳನ್ನು ಬದಲಿಸಬೇಡ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಹೇಳಿದ್ದನ್ನೇ ಹೇಳಿದ್ದೇನೆ, ಯಾವ ಮಾತಿಗೆ ಆಧಾರ ಬೇಕು ಎಂದಷ್ಟೇ ಪಟ್ಟಿ ಮಾಡು” ಎಂದು ಕೇಳಿ, ತಿದ್ದುವುದನ್ನು ನೀವೇ ಮಾಡಿ.

ಪರಿಶೀಲನೆ: ಯಾವುದನ್ನು, ಎಲ್ಲಿ?

‘ಎಐ ಹೇಳಿದ್ದನ್ನು ಪರಿಶೀಲಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲವನ್ನೂ ಪರಿಶೀಲಿಸುವುದು ಆಗದ ಮಾತು. ತಪ್ಪು ಎಲ್ಲೆಲ್ಲಿ ಹೆಚ್ಚು ಎಂದು ತಿಳಿದಿದ್ದರೆ ಅಲ್ಲಿ ಮಾತ್ರ ಕಣ್ಣಿಟ್ಟರೆ ಸಾಕು.

ವಚನ ಮತ್ತು ಕೀರ್ತನೆ: ಎಐ ತಾನೇ ನಾಲ್ಕು ಸಾಲು ಹೆಣೆದು ಕೊನೆಗೆ ‘ಕೂಡಲಸಂಗಮದೇವ’ ಎಂದು ಸೇರಿಸಿ ಬಸವಣ್ಣನವರ ವಚನವೆಂದು ಕೊಡಬಲ್ಲದು. ಅಂಕಿತ ಇದ್ದ ಮಾತ್ರಕ್ಕೆ ವಚನ ಅಸಲಿಯಲ್ಲ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಹಾಕಿ ಹುಡುಕಿದರೆ ಆ ವಚನ ಇದೆಯೋ ಇಲ್ಲವೋ ತಿಳಿಯುತ್ತದೆ. ಭಾಷಣಕ್ಕೆ, ಶಾಲೆಯ ಗೋಡೆಬರಹಕ್ಕೆ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ವಚನ ಹಾಕುವ ಮುನ್ನ ಇದೊಂದು ಕೆಲಸ ಮಾಡಿ.

ಛಂದಸ್ಸು ಮತ್ತು ವ್ಯಾಕರಣ: ಯಂತ್ರ ಪದಗಳನ್ನು ಒಡೆಯುವುದು ನಮ್ಮ ಅಕ್ಷರಗಳ ಲೆಕ್ಕದಲ್ಲಲ್ಲ, ತನ್ನದೇ ತುಣುಕುಗಳ ಲೆಕ್ಕದಲ್ಲಿ. ಆದ್ದರಿಂದ ಲಘು–ಗುರು ಎಣಿಸುವಾಗ ಮುಗ್ಗರಿಸುವುದು ಸಾಮಾನ್ಯ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ 14 ಮಾತ್ರೆ. 3 ಮತ್ತು 6ರಲ್ಲಿ ಕೊನೆಯ ಗುರುವೂ ಸೇರಿ 23. ಎಐ ಪ್ರಸ್ತಾರ ಹಾಕಿಕೊಟ್ಟರೆ ಪೆನ್ಸಿಲ್ ಹಿಡಿದು ಒಮ್ಮೆ ಎಣಿಸಿ. ಸಂಧಿ, ಸಮಾಸಗಳಿಗೂ ಇದೇ ಮಾತು. ಮಳೆಗಾಲ ಆದೇಶ ಸಂಧಿಯೇ, ‘ಕ’ಕಾರಕ್ಕೆ ‘ಗ’ಕಾರ ಬಂದಿದೆಯೇ ಎಂದು ಬಿಡಿಸಿ ನೋಡಿ.

ಇಸವಿಗಳು: ಹತ್ತಿರ ಹತ್ತಿರ ಇರುವ ಸಂಗತಿಗಳನ್ನು ಯಂತ್ರ ಬೆರೆಸಿಬಿಡುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದದ್ದು 1956ರ ನವೆಂಬರ್ 1, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1. ಚಂದ್ರಶೇಖರ ಕಂಬಾರರ ಜ್ಞಾನಪೀಠ 2010ನೇ ಸಾಲಿನದು, ಘೋಷಣೆಯಾದದ್ದು 2011ರಲ್ಲಿ. ಇಂಥ ಕಡೆ ಪಠ್ಯಪುಸ್ತಕವೇ ಪ್ರಮಾಣ.

ವಿಜ್ಞಾನದ ಪದ್ಧತಿಗಳು: ಬೆಳಕಿನ ಪಾಠದಲ್ಲಿ ನಮ್ಮ ಪಠ್ಯಪುಸ್ತಕ ಕಾರ್ಟೀಸಿಯನ್ ಚಿಹ್ನಾ ಪದ್ಧತಿ ಅನುಸರಿಸುತ್ತದೆ, ದರ್ಪಣದ ಅಥವಾ ಮಸೂರದ ಎದುರಿನ ವಸ್ತುವಿನ ದೂರ ಋಣ. ಬೇರೆ ದೇಶದ ಕೆಲವು ಪುಸ್ತಕಗಳ ಪದ್ಧತಿಯೇ ಬೇರೆ. ಎಐ ಎರಡನ್ನೂ ಓದಿದೆ. ಅದು ಕೊಟ್ಟ ಸೂತ್ರ ತನ್ನಷ್ಟಕ್ಕೆ ಸರಿಯಾಗಿದ್ದರೂ ನಿಮ್ಮ ಉತ್ತರಪತ್ರಿಕೆಯಲ್ಲಿ ತಪ್ಪಾಗಬಹುದು.

ಆಧಾರಗ್ರಂಥಗಳು: ಪದವಿ, ಸ್ನಾತಕೋತ್ತರ, ಪಿಎಚ್‌.ಡಿ. ವಿದ್ಯಾರ್ಥಿಗಳು ಎಐ ಕೊಟ್ಟ ಒಂದೊಂದು ಪುಸ್ತಕವನ್ನೂ ಲೇಖನವನ್ನೂ ಗ್ರಂಥಾಲಯದ ಪಟ್ಟಿಯಲ್ಲೋ ಪತ್ರಿಕೆಯ ಸಂಚಿಕೆಯಲ್ಲೋ ಕಣ್ಣಾರೆ ಕಂಡ ಮೇಲಷ್ಟೇ ಉಲ್ಲೇಖಿಸಬೇಕು. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳಿವೆ. ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 60 ಮೀರಿದರೆ ನೋಂದಣಿಯೇ ರದ್ದಾಗಬಹುದು. ಹೋಲಿಕೆಯ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಪ್ರಬಂಧ ಪ್ರಾಮಾಣಿಕವೆಂದು ಅರ್ಥವಲ್ಲ. ಇಲ್ಲದ ಗ್ರಂಥದ ಉಲ್ಲೇಖ ಯಾವ ಹೋಲಿಕೆಗೂ ಸಿಗದೆ ದಾಟಿಹೋಗುತ್ತದೆ. ಮೌಖಿಕ ಪರೀಕ್ಷೆಯ ದಿನ ಸಿಕ್ಕಿಬೀಳುತ್ತದೆ.

ಶಿಕ್ಷಕರಿಗೆ: ಗುಮಾಸ್ತಿಕೆ ಅದಕ್ಕೆ, ಮೇಷ್ಟರಿಕೆ ನಿಮಗೆ

ಪಾಠ ಯೋಜನೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಘಟಕ ಪರೀಕ್ಷೆ, ರೂಪಣಾತ್ಮಕ (ಎಫ್‌ಎ) ಮತ್ತು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನ, ಆನ್‌ಲೈನ್ ನಮೂದು. ಪಾಠಕ್ಕಿಂತ ಕಾಗದವೇ ಹೆಚ್ಚೆಂಬ ಶಿಕ್ಷಕರ ದೂರು ಹೊಸದಲ್ಲ. ಇಲ್ಲಿ ಎಐ ಹೊತ್ತು ಉಳಿಸಬಲ್ಲದು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ ಅನ್ನು ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರೇ ಮೊದಲು ಬಳಸಿ ನೋಡಿದ್ದು. ಪಠ್ಯಪುಸ್ತಕವನ್ನು ಆಧರಿಸಿ ಪಾಠ ಯೋಜನೆಯ ಕರಡು ಮಾಡಿಕೊಡುವುದು ಅದರ ಕೆಲಸ.

ಯಾವ ಎಐ ಬಳಸಿದರೂ ಕೇಳುವಾಗ ತರಗತಿಯ ಚಿತ್ರ ಕೊಡಿ. ‘ಪಾಠ ಯೋಜನೆ ಮಾಡಿಕೊಡು’ ಎಂದರೆ ಪ್ರೊಜೆಕ್ಟರು, ಟ್ಯಾಬ್ಲೆಟ್ಟು, ಚಾರ್ಟು ಎಲ್ಲ ಇರುವ ಶಾಲೆಯೊಂದಕ್ಕೆ ಬರೆದುಕೊಡುತ್ತದೆ. ಬದಲಿಗೆ: “ಏಳನೇ ತರಗತಿ, ಕನ್ನಡ ಮಾಧ್ಯಮ, 40 ನಿಮಿಷದ ಅವಧಿ, 32 ಮಕ್ಕಳು, ಆರನೇ ತರಗತಿಯೂ ಅದೇ ಕೋಣೆಯಲ್ಲಿದೆ. ಕಪ್ಪುಹಲಗೆ, ಶಾಲೆಯ ತೋಟ ಬಿಟ್ಟು ಬೇರೆ ಉಪಕರಣ ಇಲ್ಲ. ಸಸ್ಯಗಳಲ್ಲಿ ಪೋಷಣೆ ಪಾಠಕ್ಕೆ ಒಂದು ಚಟುವಟಿಕೆ, ಓದಲು ತಡವರಿಸುವ ಮಕ್ಕಳಿಗೆ ಐದು ಸರಳ ಪ್ರಶ್ನೆ, ಬೇಗ ಮುಗಿಸುವವರಿಗೆ ಎರಡು ಸವಾಲಿನ ಪ್ರಶ್ನೆ ಕೊಡು.” ಬಂದದ್ದು ಕರಡು. ಅದರಲ್ಲಿ ನಿಮ್ಮ ಮಕ್ಕಳಿಗೆ ಒಗ್ಗುವುದನ್ನು ಉಳಿಸಿ, ಉಳಿದದ್ದನ್ನು ಹೊಡೆದುಹಾಕಿ. ಪ್ರಶ್ನೆಪತ್ರಿಕೆಯಾದರೆ ಒಂದೊಂದು ಪ್ರಶ್ನೆಗೂ ನೀವೇ ಉತ್ತರ ಬರೆದು ನೋಡದೆ ಮುದ್ರಣಕ್ಕೆ ಕೊಡಬೇಡಿ. ಎರಡು ಸರಿಯುತ್ತರ ಇರುವ ಬಹುಆಯ್ಕೆ ಪ್ರಶ್ನೆಗಳು ಎಐಯಿಂದ ಆಗಾಗ ಬರುತ್ತವೆ.

ಮೌಲ್ಯಮಾಪನವನ್ನು ಮಾತ್ರ ಅದಕ್ಕೆ ಒಪ್ಪಿಸಬೇಡಿ. ಒಂದು ಮಗುವಿನ ಉತ್ತರದಲ್ಲಿರುವ ತಪ್ಪು ನಿನ್ನೆ ಆ ಮಗು ತರಗತಿಗೆ ಬಂದಿರಲಿಲ್ಲವೆಂಬುದನ್ನೂ ಹೇಳುತ್ತದೆ, ಅದು ಗೊತ್ತಾಗುವುದು ನಿಮಗಷ್ಟೇ. ಅಂಕ ಕೊಡುವ ಕೈ ಶಿಕ್ಷಕರದೇ ಆಗಿರಬೇಕು.

‘ಎಐ ಪತ್ತೆ’ ಯಂತ್ರಗಳನ್ನು ನಂಬಿ ಶಿಕ್ಷೆ ಬೇಡ

ಬರಹ ಕೊಟ್ಟರೆ ‘ಇದು ಶೇ 87 ಎಐ’ ಎಂದು ಹೇಳುವ ತಾಣಗಳು ಬೇಕಾದಷ್ಟಿವೆ. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಪತ್ತೆಗಾರನನ್ನು ಬಿಡುಗಡೆ ಮಾಡಿತ್ತು. ಸಂಸ್ಥೆಯ ಪರೀಕ್ಷೆಯಲ್ಲೇ ಅದು ಎಐ ಬರಹದ ಶೇ 26ರಷ್ಟನ್ನು ಮಾತ್ರ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಎಐ ಎಂದಿತು. ನಿಖರತೆ ಸಾಲದೆಂದು ಜುಲೈನಲ್ಲಿ ಹಿಂತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಪತ್ತೆಗಾರರಿಗೆ ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟರು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದವರು ಬರೆದವು. ಸರಾಸರಿ ಶೇ 61ರಷ್ಟನ್ನು ಎಐ ಬರೆದದ್ದೆಂದು ಅವು ತೀರ್ಪು ಕೊಟ್ಟವು. ಕಡಿಮೆ ಪದ, ಸರಳ ರಚನೆ ಕಂಡರೆ ಇವಕ್ಕೆ ಯಂತ್ರದ ವಾಸನೆ. ಕನ್ನಡ ಮಾಧ್ಯಮದಿಂದ ಬಂದು ಕಷ್ಟಪಟ್ಟು ಇಂಗ್ಲಿಷ್ ಬರೆಯುವ ವಿದ್ಯಾರ್ಥಿಯೇ ಇಲ್ಲಿ ಮೊದಲ ಬಲಿ.

ಹಾಗಾದರೆ ನಕಲು ತಡೆಯುವುದು ಹೇಗೆ? ಕೆಲಸ ಕೊಡುವ ರೀತಿ ಬದಲಿಸಿ. ‘ಜಲ ಸಂರಕ್ಷಣೆಯ ಮಹತ್ವ’ ಎಂಬ ಯೋಜನಾ ಕಾರ್ಯ ಹಿಂದೆ ಗೈಡಿನಿಂದ, ಆಮೇಲೆ ಜೆರಾಕ್ಸ್ ಅಂಗಡಿಯಿಂದ ಬರುತ್ತಿತ್ತು, ಈಗ ಎಐಯಿಂದ ಬರುತ್ತದೆ. ‘ನಿಮ್ಮ ಬೀದಿಯ ಐದು ಮನೆಗಳ ಬೋರ್‌ವೆಲ್ ಯಾವ ವರ್ಷ, ಎಷ್ಟು ಅಡಿಗೆ ಕೊರೆಸಿದ್ದು? ನಕ್ಷೆ ಬರೆದು, ಕಂಡದ್ದನ್ನು ಹೇಳಿ’ ಎಂದು ಕೊಟ್ಟರೆ ಯಾವ ಎಐಗೂ ಆ ಉತ್ತರ ಗೊತ್ತಿಲ್ಲ. ಮಗು ಬೀದಿಗೆ ಇಳಿಯಲೇಬೇಕು. ಅಜ್ಜಿಯನ್ನು ಕೇಳಿ ಬರೆಯುವುದು, ಸಂತೆಯ ಬೆಲೆ ಗುರುತು ಹಾಕಿಕೊಳ್ಳುವುದು, ಶಾಲೆಯ ಸುತ್ತಲಿನ ಗಿಡ ಎಣಿಸುವುದು ಇಂಥವೇ. ಇದರ ಜೊತೆಗೆ ಎರಡು ಅಭ್ಯಾಸ: ಕರಡು ಹಾಳೆಯನ್ನೂ ಒಪ್ಪಿಸಲು ಹೇಳುವುದು, ಒಪ್ಪಿಸಿದ ದಿನ ತರಗತಿಯ ಮುಂದೆ ಎರಡು ನಿಮಿಷ ವಿವರಿಸಲು ಹೇಳುವುದು. ಸ್ವಂತ ಬರೆದವರು ತಡವರಿಸಿಯಾದರೂ ಹೇಳುತ್ತಾರೆ. ನಕಲು ಮಾಡಿದವರಿಗೆ ತಮ್ಮ ಹಾಳೆಯ ಪದಗಳೇ ಅಪರಿಚಿತ.

ಪೋಷಕರಿಗೆ: ವಯಸ್ಸು, ಖಾತೆ, ಖಾಸಗಿತನ

ತರಗತಿಯಲ್ಲಿ ಎಐ ಬಳಕೆಗೆ ಕನಿಷ್ಠ 13 ವರ್ಷದ ಮಿತಿ ಇರಲಿ ಎಂದು ಯುನೆಸ್ಕೊ 2023ರ ಸೆಪ್ಟೆಂಬರ್‌ನ ಮಾರ್ಗದರ್ಶಿಯಲ್ಲಿ ಹೇಳಿದೆ. ಚಾಟ್‌ಜಿಪಿಟಿಯ ಷರತ್ತೂ ಅದೇ. 13ರಿಂದ 18ರವರೆಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾನೂನು ಮನೆ ಬಾಗಿಲಿಗೆ ಬರುವವರೆಗೆ ಕಾಯದೆ ಇಷ್ಟು ಮಾಡಿ:

• ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಖಾತೆ ಬೇಡ. ನಿಮ್ಮ ಫೋನಿನಲ್ಲಿ, ನೀವು ಪಕ್ಕದಲ್ಲಿ ಕೂತಿರುವಾಗ ಸಾಕು.
• ಹೆಸರು, ಶಾಲೆ, ವಿಳಾಸ, ಫೋನ್ ನಂಬರ್, ಆಧಾರ್, ಶಾಲಾ ದಾಖಲೆಯ ಎಸ್‌ಎಟಿಎಸ್ ಸಂಖ್ಯೆ, ಜಾತಿ–ಆದಾಯ ಪ್ರಮಾಣಪತ್ರ ಯಾವುದನ್ನೂ ಎಐಗೆ ಕೊಡಬಾರದು. ಅಂಕಪಟ್ಟಿಯನ್ನೋ ಉತ್ತರಪತ್ರಿಕೆಯನ್ನೋ ಫೋಟೊ ತೆಗೆಯುವ ಮುನ್ನ ಹೆಸರಿನ ಭಾಗ ಮುಚ್ಚಿ. ಶಿಕ್ಷಕರಿಗೂ ಇದೇ ನಿಯಮ.
• ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಮಾತುಕತೆಯನ್ನು ಎಐ ತರಬೇತಿಗೆ ಬಳಸುವ ಆಯ್ಕೆ ಇದ್ದರೆ ಆಫ್ ಮಾಡಿ.
• ಸಹಪಾಠಿಗಳ ಫೋಟೊ ಹಾಕಿ ‘ತಮಾಷೆ’ಗೆ ಚಿತ್ರ ಮಾಡಿಸುವುದು ಅಪರಾಧದವರೆಗೆ ಹೋಗಬಹುದೆಂದು ಮಕ್ಕಳಿಗೆ ಬಿಡಿಸಿ ಹೇಳಿ. ನಿಮ್ಮ ಮಗುವಿನ ಚಿತ್ರವನ್ನೇ ಯಾರಾದರೂ ತಿರುಚಿದ್ದರೆ ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗುವನ್ನು ಬೈಯುವುದು ಆಮೇಲಿರಲಿ.
• ಮಗು ಮನಸ್ಸಿನ ಬೇಗುದಿಯನ್ನು ಮನೆಯವರಿಗೆ ಹೇಳದೆ ಎಐಗಷ್ಟೇ ಹೇಳಿಕೊಳ್ಳುತ್ತಿದ್ದರೆ ಅದನ್ನು ಓದಿನ ವಿಷಯವೆಂದು ಬಿಡಬೇಡಿ. ಕೂತು ಮಾತನಾಡಿ.

ತಂತ್ರಜ್ಞಾನ ಗೊತ್ತಿಲ್ಲವೆಂದು ಹಿಂಜರಿಯುವ ಅಪ್ಪ–ಅಮ್ಮಂದಿರಿಗೆ ಒಂದು ಮಾತು. ನಿಮಗೆ ಎಐ ಗೊತ್ತಿರಬೇಕಿಲ್ಲ. ‘ಇವತ್ತು ಏನು ಕಲಿತೆ, ನನಗೆ ಹೇಳಿಕೊಡು’ ಎಂದು ಕೇಳಿದರೆ ಸಾಕು. ಅಡುಗೆಮನೆಯಲ್ಲಿ ನಿಂತು ಹೇಳಿಕೊಡಬಲ್ಲ ಮಗು ಕಲಿತಿದೆ. ಫೋನ್ ತೆರೆಯದೆ ಬಾಯಿ ತೆರೆಯದಿದ್ದರೆ ಇನ್ನೂ ಕಲಿತಿಲ್ಲ.

ಶಾಲೆಗೆ: ಒಂದು ಪುಟದ ನಿಯಮ

ಬಹುಪಾಲು ಗೊಂದಲ ಹುಟ್ಟುವುದು ಯಾವುದಕ್ಕೆ ಅನುಮತಿ ಇದೆ, ಯಾವುದಕ್ಕೆ ಇಲ್ಲ ಎಂದು ಯಾರೂ ಹೇಳದಿರುವುದರಿಂದ. ಹತ್ತು ಪುಟದ ನೀತಿ ಬೇಕಿಲ್ಲ. ಪ್ರತಿ ಮನೆಗೆಲಸದ ಮೇಲೂ ಮೂರರಲ್ಲಿ ಒಂದನ್ನು ಬರೆದರೆ ಆಯಿತು.

‘ಎಐ ಬೇಡ’: ಕೈಬರಹ, ಮಗ್ಗಿ, ಘಟಕ ಪರೀಕ್ಷೆ, ಕವಿತೆ–ಕಥೆ ರಚನೆ, ಕೆಳಗಿನ ತರಗತಿಗಳ ಎಲ್ಲ ಕೆಲಸ.
‘ಎಐ ಸಹಾಯಕ್ಕೆ ಮಾತ್ರ’: ಸುಳಿವು, ವಿವರಣೆ, ಅಭ್ಯಾಸದ ಪ್ರಶ್ನೆಗಳು, ಕಾಗುಣಿತ. ಉತ್ತರ ಸ್ವಂತದ್ದು.
‘ಎಐ ಬಳಸಿ, ತಪ್ಪು ಹುಡುಕಿ’: ಎಐ ಬರೆದ ಒಂದು ಪುಟ ಕೊಟ್ಟು ಅದರ ತಪ್ಪುಗಳನ್ನು ಪಠ್ಯಪುಸ್ತಕದ ಪುಟಸಂಖ್ಯೆಯೊಂದಿಗೆ ಪಟ್ಟಿ ಮಾಡಿಸುವುದು. ಇದರಲ್ಲಿ ಮಕ್ಕಳಿಗೆ ಸಿಗುವ ಖುಷಿಯೇ ಬೇರೆ. ಯಂತ್ರವನ್ನು ಸೋಲಿಸಲು ಯಾರಿಗೆ ಇಷ್ಟವಿಲ್ಲ?

ಬಳಸಿದ್ದನ್ನು ಹೇಳಿಕೊಳ್ಳಲು ನಾಚಿಕೆ ಇರಬಾರದು. ಯೋಜನಾ ಕಾರ್ಯದ ಕೊನೆಗೆ ಹೀಗೆ ನಾಲ್ಕು ಸಾಲು ಬರೆಯುವ ರೂಢಿ ಮಾಡಿಸಿ: “ಪ್ರಶ್ನಾವಳಿ ಸಿದ್ಧಪಡಿಸಲು, ಕಾಗುಣಿತ ನೋಡಲು ಎಐ ಬಳಸಿದ್ದೇನೆ. ಸಂದರ್ಶನ, ಲೆಕ್ಕ, ತೀರ್ಮಾನ ನನ್ನವು. ಎಐ ಕೊಟ್ಟ ಎರಡು ಇಸವಿ ತಪ್ಪಿದ್ದವು, ಸಮಾಜವಿಜ್ಞಾನ ಪುಸ್ತಕ ನೋಡಿ ತಿದ್ದಿದ್ದೇನೆ.” ಹೀಗೆ ಹೇಳಿದವರಿಗೆ ಅಂಕ ಕಡಿಯಬೇಡಿ. ಒಮ್ಮೆ ಕಡಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ನಿಯಮ ಬರೆಯುವಾಗ ಇನ್ನೊಂದು ಸಂಗತಿ ನೆನಪಿರಲಿ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ. ಎಐ ಇಲ್ಲದೆ ಮುಗಿಸಲಾಗದ ಮನೆಗೆಲಸ ಕೊಟ್ಟರೆ ಆ ಮನೆಯ ಮಗುವಿಗೆ ಅನ್ಯಾಯ. ಎಐ ಬೇಕಾದ ಚಟುವಟಿಕೆಯನ್ನು ಶಾಲೆಯ ಕಂಪ್ಯೂಟರಿನಲ್ಲಿ ಗುಂಪಾಗಿ ಮಾಡಿಸಿ. ಕಂಪ್ಯೂಟರೂ ಇಲ್ಲದಿದ್ದರೆ ಶಿಕ್ಷಕರೇ ಎಐ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದು ತಪ್ಪು ಹುಡುಕಿಸಬಹುದು. ಅದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣದ ಕಡ್ಡಿ ಮಾತ್ರ.

ನೀವೇ ಮಾಡಿಕೊಳ್ಳಬಹುದಾದ ಪರೀಕ್ಷೆ

ನಿಮ್ಮ ಬಳಕೆ ಸರಿಯಾಗಿದೆಯೇ ಎಂದು ತಿಳಿಯಲು ತಜ್ಞರು ಬೇಕಿಲ್ಲ. ಎಐ ನೆರವಿನಿಂದ ಓದಿದ ಯಾವುದಾದರೂ ಒಂದು ಪಾಠವನ್ನು ಆರಿಸಿ. ಒಂದು ವಾರ ಬಿಟ್ಟು, ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಖಾಲಿ ಹಾಳೆಯ ಮೇಲೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಅದರದೇ ಮಾದರಿಯ ಎರಡು ಹೊಸ ಲೆಕ್ಕ ಬಿಡಿಸಿ. ಹಾಳೆ ತುಂಬಿದರೆ ನೀವು ಹಿಡಿದ ದಾರಿ ಸರಿಯಿದೆ, ಹಾಗೆಯೇ ಮುಂದುವರಿಸಿ. ಅರ್ಧಕ್ಕೇ ನಿಂತರೆ ಮುಂದಿನ ಪಾಠದಲ್ಲಿ ಎಐ ತೆರೆಯುವ ಮುನ್ನ ಇನ್ನೂ ಹತ್ತು ನಿಮಿಷ ಹೆಚ್ಚು ಒದ್ದಾಡಿ, ಉತ್ತರದ ಬದಲು ಸುಳಿವು ಕೇಳಿ, ಮತ್ತೆ ಒಂದು ವಾರ ಬಿಟ್ಟು ಬರೆದು ನೋಡಿ.